ಹೊಂಗೆ ಎಲೆಯ ಗಡಿಗೆ

ನಮ್ಮ ಯಜಮಾನರಿಗೆ ಸಂಜೆಗೊಂದು ಚೊಂಬು ಸೇಂದಿ ಬೇಕಿತ್ತು. ಒಂದೇ ಚೊಂಬು, ದೀಪ ಹಚ್ಚುವುದರೊಳಗೆ ಮನೆಗೆ. ಎಂದೂ ಕೈ ಎತ್ತಿದವರಲ್ಲ. ಮನೆದೇವರು ಉಚ್ಚೆಂಗೆಮ್ಮ ಇಷ್ಟು ಕೊಟ್ಟಳಲ್ಲ ಎಂದು ನಾನು ಸುಮ್ಮನಿದ್ದೆ.

ಕೂಡ್ಲಿಗಿಯಲ್ಲಿ ಅವರು ಹೋಗುತ್ತಿದ್ದ ಅಂಗಡಿ ಒಳ್ಳೆಯದು, ಮತ್ತಿನ ಪುಡಿ ಬೆರೆಸುತ್ತಿರಲಿಲ್ಲ. ಒಂದೊಂದು ಕಡೆಯ ಈಚಲು ಗಿಡದ ಸೇಂದಿಗೆ ಒಂದೊಂದು ಗಡಿಗೆ. ಗುರುತಿಗೆ ಕೊರಳಿಗೆ ಎಲೆ ಕಟ್ಟುತ್ತಿದ್ದರು: ಗುಡೇಕೋಟೆ ಹಳ್ಳದ್ದಕ್ಕೆ ಬೇವು, ಕಾನಹೊಸಹಳ್ಳಿ ಕಡೆಯದಕ್ಕೆ ಹೊಂಗೆ. ಇವತ್ತು ಸಿಕ್ಕಿದ್ದು ನಾಳೆ ಸಿಗುತ್ತಿರಲಿಲ್ಲ. ಉಳಿದವರು ಎಲೆ ನೋಡಿ ಕುಡಿದರೆ ಇವರು ಗೋಡೆಗೆ ಮುಖ ಮಾಡಿ ಕುಡಿದು ಎಲೆ ಹೇಳುತ್ತಿದ್ದರಂತೆ. ತಪ್ಪುತ್ತಿರಲಿಲ್ಲವಂತೆ. ಮನೆಗೆ ಬಂದು ಕಾಲು ತೊಳೆಯುತ್ತಲೇ ನನಗೆ ವರದಿ.

“ಇವತ್ತಿಂದು ಹಳ್ಳದ್ದು. ಸಿಹಿ ಅಂದ್ರ ಸಿಹಿ, ಹಿಂದಿಂದ ಚೂರು ಹುಳಿ ಬರತೈತಿ.”

“ಇಷ್ಟು ಶಾಣ್ಯಾ ನಾಲಿಗಿ, ನನ್ನ ಸಾರಿಗೆ ಉಪ್ಪು ಹಾಕಿಲ್ಲಂತ ಒಂದಿನಾನೂ ಹೇಳಲಿಲ್ಲಲ್ರಿ.”

“ಹೇಳಿದ್ರ ನಾಳಿ ಉಣ್ಣಾಕ ಹಾಕ್ತಿದ್ದೇನು ನೀ?”

ಆಮೇಲೆ ಅವರ ಗಂಟಲಲ್ಲಿ ಕ್ಯಾನ್ಸರ್ ಗಂಟು ಬಂತು. ದಾವಣಗೆರೆಯ ಆಸ್ಪತ್ರೆಯಲ್ಲಿ ಗಂಟು ಸುಡುವ ಕರೆಂಟು ಕೊಡಿಸಿದೆವು. ಗಂಟು ಕರಗಲಿಲ್ಲ, ನಾಲಿಗೆಯ ರುಚಿ ಹೋಯಿತು. ಅನ್ನವೂ ಮಣ್ಣು, ಬೆಲ್ಲವೂ ಮಣ್ಣು. ಬಾಯಿಗೆ ಬೇಕೆಂದದ್ದು ಕೊಡಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಊಟ ಬಿಟ್ಟಿದ್ದಕ್ಕಿಂತ ಆ ನಾಲಿಗೆಗಾಗಿಯೇ ಅವರು ಹೆಚ್ಚು ಕೊರಗಿದರು.

“ಒಂದು ಗುಟುಕು ತಂದುಕೊಡು. ಯಾವ ಎಲಿ ಅಂತ ಹೇಳಬ್ಯಾಡ,” ಎಂದರು ಒಂದು ದಿನ.

ಪೂಜೆ ಮುಗಿಸಿ, ಸೆರಗು ಹೊದ್ದು, ಆ ಅಂಗಡಿಯ ಮೆಟ್ಟಿಲನ್ನು ಮೊದಲ ಸಲ ಹತ್ತಿದೆ. ಅಂಗಡಿಯವರು ಎದ್ದು ನಿಂತರು. “ಹಳ್ಳದ ಗಿಡ ಈ ಸಲ ಒಣಗ್ಯಾವ ಯವ್ವಾ. ಹೊಂಗಿ ಎಲೀದು ಒಂದ ಐತಿ. ಬರೇ ಹುಳಿ,” ಎಂದು ಚೊಂಬಿಗೆ ಹಾಕಿಕೊಟ್ಟರು.

ಮನೆಯಲ್ಲಿ ಯಜಮಾನರು ಗೋಡೆಗೆ ಮುಖ ತಿರುಗಿಸಿಯೇ ಒಂದು ಗುಟುಕು ಇಳಿಸಿದರು. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು.

“ಹಳ್ಳದ್ದು. ಬೇವಿನೆಲಿ. ಸಿಹಿ ಐತಿ. ಹೌದಲ್ಲ?”

ದೇವರ ಗೂಡಿನಲ್ಲಿ ದೀಪ ಇನ್ನೂ ಉರಿಯುತ್ತಿತ್ತು.

“ಹೌದ್ರಿ. ಹಳ್ಳದ್ದ.”

“ನೋಡಿದೇನು? ನಾಲಿಗಿ ಸತ್ತಿಲ್ಲಲೇ,” ಎಂದು ನಕ್ಕರು. ಅವತ್ತು ನರಳದೆ ಮಲಗಿದರು. ಅಷ್ಟಾದರೂ ಕೊಟ್ಟಳು ತಾಯಿ.

ಹಿರಿಯರ ಹಬ್ಬಕ್ಕೆ ಅವರಿಲ್ಲ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗಿಡುವುದು ನಮ್ಮಲ್ಲಿ ಪದ್ಧತಿ. ಸೇಂದಿಗೆ ಹೋದರೆ ಆಗಲೂ ಹೊಂಗೆ ಎಲೆಯ ಗಡಿಗೆ ಒಂದೇ ಇತ್ತು. ಹಿತ್ತಿಲಲ್ಲಿ ಬೇವಿನ ಗಿಡವಿದೆ, ಒಂದು ಎಲೆ ಕಿತ್ತು ಚೊಂಬಿಗೆ ಕಟ್ಟಲೇ ಎಂದು ಅದರ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಕಟ್ಟಲಿಲ್ಲ. ಅಲ್ಲಿ ಅವರಿಗೆ ನಾಲಿಗೆ ವಾಪಸು ಬಂದಿದ್ದರೆ ಒಂದೇ ಗುಟುಕಿಗೆ ತಿಳಿದುಬಿಡುತ್ತದೆ.

ಹೊಂಗೆ ಎಲೆಯನ್ನೇ ಕಟ್ಟಿ ಎಡೆಗಿಟ್ಟು ಕೈ ಮುಗಿದೆ. ಬೈದರೆ ಬೈಯಲಿ. ಬೈಯುವಷ್ಟು ರುಚಿ ಗೊತ್ತಾಗಲಿ.