ಒಂಬತ್ತು ಬಕೆಟ್ ನೀರು

ನನ್ನ ಚೀಲದಲ್ಲಿ ಅರ್ಧ ಲೀಟರಿನ ನಾಲ್ಕು ಬಾಟಲಿಗಳಿದ್ದವು. ಎರಡರ ಕತ್ತಿಗೆ ಕೆಂಪು ಪಟ್ಟಿ ಸುತ್ತಿತ್ತು. ಲೋಹಾಂಶ ಪರೀಕ್ಷಿಸಬೇಕಾದ ನೀರನ್ನು ಕೆಂಪು ಪಟ್ಟಿಯ ಬಾಟಲಿಗೆ ತುಂಬಿ, ಅದು ಕೆಡದಂತೆ ಕೆಲವು ಹನಿ ನೈಟ್ರಿಕ್ ಆಸಿಡ್ ಬೆರೆಸುತ್ತಿದ್ದೆವು.

1978ರ ಏಪ್ರಿಲ್. ಮೈಸೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಅಂತರ್ಜಲ ಸಮೀಕ್ಷೆಯ ಸಹಾಯಕಿಯಾಗಿ ಹುಮನಾಬಾದಿಗೆ ಬಂದು ಏಳು ತಿಂಗಳಾಗಿತ್ತು. ಬಸವಕಲ್ಯಾಣದ ಕಡೆಗೆ ಹಬ್ಬಿದ ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಗಳನ್ನು ಗುರುತಿಸಿ ಅಳೆಯುವುದು ನನ್ನ ಕೆಲಸ. ಅಲ್ಲಿ ಮರವಿಲ್ಲ, ಮನೆಯಿಲ್ಲ. ಜೀಪು ರಸ್ತೆಯಲ್ಲಿ ಇಳಿಸಿ ಹೋದರೆ ಸಂಜೆ ನಾಲ್ಕಕ್ಕೇ ಮರಳುವುದು.

ಏನು ಹೊರಬೇಕು, ಏನು ಬಿಡಬೇಕು ಎಂದು ತೀರ್ಮಾನಿಸುವವಳು ನಾನು. ಟೇಪು, ಸ್ಟಾಪ್‌ವಾಚು, ದಿಕ್ಸೂಚಿ, ನಕ್ಷೆ, ಸುತ್ತಿಗೆ, ಬಾಟಲಿಗಳು, ಐದು ಲೀಟರಿನ ಬಕೆಟ್ಟು. ಕುಡಿಯುವ ನೀರಿಗೆ ಎರಡು ಚಾಗಲ, ಅಂದರೆ ಕ್ಯಾನ್ವಾಸಿನ ನೀರುಚೀಲ. ಆ ದಿನ ಭಾರ ಹೆಚ್ಚಾಯಿತೆಂದು ಒಂದನ್ನು ಜೀಪಿನಲ್ಲೇ ಬಿಟ್ಟೆ.

"ಎರಡೂ ಒಯ್ಯಮ್ರಿ ಅಕ್ಕೋರೆ, ಬಿಸಿಲ ಭಾಳ ಅದ," ಎಂದ ಸಾಮಾನು ಹೊರಲು ಜೊತೆಗಿದ್ದ ಖಲಾಸಿ ಶರಣಪ್ಪ. ನನ್ನ ತಂದೆಯ ವಯಸ್ಸಿನವನು.

"ನಾವು ಹೊರಟಿರುವುದೇ ನೀರಿನ ಬಳಿಗಲ್ಲವೆ?" ಎಂದೆ.

"ಅದೂ ಖರೇನ ಬಿಡ್ರಿ," ಎಂದು ಅವನು ನಕ್ಕ.

ಒರತೆ ಒಂದೂವರೆ ಅಡಿ ಅಗಲದ ಗುಂಡಿ. ಕುರಿಗಳು ಬಾಯಿ ಹಾಕದಂತೆ ಮೇಲೆ ಚಪ್ಪಡಿ, ಅದರ ಮೇಲೆ ಜಾಲಿಮುಳ್ಳು. ನೀರು 31 ಸೆಂಟಿಮೀಟರ್, ತಿಳಿಯಾಗಿತ್ತು. ಬಾಟಲಿಗಳನ್ನು ತುಂಬಿ, ಎರಡಕ್ಕೆ ಆಸಿಡ್ ಹಾಕಿ, 'ರಿಕವರಿ ಟೆಸ್ಟ್' ಆರಂಭಿಸಿದೆ: ಇದ್ದ ನೀರನ್ನೆಲ್ಲ ತೋಡಿ ಹೊರಹಾಕಿ, ಹೊಸ ನೀರು ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆಂದು ನೋಡುವುದು. ತೋಡಿದ ನೀರು ಗುಂಡಿಗೆ ಮರಳಿ ಇಂಗಬಾರದು, ದೂರ ಚೆಲ್ಲಬೇಕು.

ಶರಣಪ್ಪ ಬಕೆಟ್ ಹಿಡಿದು ಒಂದು ಗಳಿಗೆ ನಿಂತ. "ಇದು ಕುರಿಯವ್ರು ಕುಡಿಯೋ ನೀರ ಅದ್ರಿ. ಎಲ್ಲಾ ತೆಗಿಯೋದೇನ್ರಿ?"

"ಮತ್ತೆ ಬರುತ್ತದಲ್ಲ," ಎಂದೆ. ಎಷ್ಟು ಹೊತ್ತಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಟೆಸ್ಟು.

ಒಂಬತ್ತು ಬಕೆಟ್ ಆಯಿತು. ಮುಂದಿನ ಒಂದು ಗಂಟೆಯಲ್ಲಿ ಏರಿದ್ದು ಮೂರು ಮಿಲಿಮೀಟರ್, ಅದೂ ಕೆಸರು.

ಹನ್ನೆರಡೂವರೆ ದಾಟಿತ್ತು. ಮುದುಕನೊಬ್ಬನನ್ನು ಹೆಗಲಿಗೆ ಆನಿಸಿಕೊಂಡು ಹೆಂಗಸೊಬ್ಬಳು ಬಂದಳು. ಬೆನ್ನಿಗೆ ಕಂಬಳಿ, ಕೈಯಲ್ಲಿ ಬರಿದಾದ ಸೋರೆಬುರುಡೆ. ಹೆಸರು ನಾಗಮ್ಮ, ಮುದುಕ ಅವಳ ಮಾವ. ಅವನ ಮೈ ಸುಡುತ್ತಿತ್ತು, ಬೆವರಿರಲಿಲ್ಲ, ಮಾತು ತೊದಲುತ್ತಿತ್ತು. ಮುಂದೆ ನೀರಿದೆಯೆಂಬ ಧೈರ್ಯದಿಂದ ಬುರುಡೆಯಲ್ಲಿ ಉಳಿದದ್ದನ್ನು ಅವಳು ದಾರಿಯಲ್ಲೇ ಅವನ ತಲೆಗೆ ಹೊಯ್ದಿದ್ದಳು.

ಗುಂಡಿಗೆ ಬಗ್ಗಿ ನೋಡಿದಳು. "ಯಾರ ತೆಗದ್ರಿ ಇದನ್ನ?"

"ನಾನು."

"ಕುಡಿಲಾಕೇನ್ರಿ?"

"ಅಲ್ಲ. ಅಳೆಯಲಿಕ್ಕೆ."

"ಅಳದು ಎಲ್ಲಿ ಚೆಲ್ಲಿದ್ರಿ?"

ಶರಣಪ್ಪ ಕೈ ತೋರಿಸಿದ. ಅಲ್ಲಿ ತೇವದ ಕಲೆಯೂ ಉಳಿದಿರಲಿಲ್ಲ.

"ಛಲೋ ಆತ್ರಿ. ನೆಲಕ್ಕ ನೀರಡಿಕಿ ಆಗಿತ್ತೇನೋ."

ನಮ್ಮ ಚಾಗಲದಲ್ಲಿ ಉಳಿದಿದ್ದದ್ದು ನಾಲ್ಕು ಗುಟುಕು. ಅದನ್ನು ಮುದುಕನಿಗೆ ಕೊಟ್ಟೆ. ಪಟ್ಟಿಯಿಲ್ಲದ ಬಾಟಲಿಗಳನ್ನು ತೆರೆದು, ಒಂದರಿಂದ ಹನಿಹನಿಯಾಗಿ ಅವನ ಬಾಯಿಗೆ ಬಿಡತೊಡಗಿದೆ; ಇನ್ನೊಂದನ್ನು ದಾರಿಗೆಂದು ಶರಣಪ್ಪನಿಗೆ ಕೊಟ್ಟೆ. ನಾಗಮ್ಮ ಸೆರಗನ್ನು ಕೆಸರಿಗೆ ಅದ್ದಿ ಅವನ ಎದೆಗೆ ಒತ್ತುತ್ತಿದ್ದವಳು ನನ್ನ ಚೀಲದೊಳಗಿನ ಬಾಟಲಿಗಳನ್ನು ಕಂಡು ಒಂದನ್ನು ಹೊರಗೆಳೆದಳು.

"ಇದ್ರಾಗೂ ಅದಲ್ಲ!"

ಕೆಂಪು ಪಟ್ಟಿಯ ಆ ಬಾಟಲಿಯನ್ನು ಅವಳ ಕೈಯಿಂದ ಕಸಿದುಕೊಂಡೆ. "ಅದರಲ್ಲಿ ಆಸಿಡ್ ಇದೆ."

"ಸರಕಾರದ ನೀರಂತ ಮುಚ್ಚಿ ಇಟ್ಟೀರೇನ್ರಿ? ಮನಷಾ ಸಾಯಾಕತ್ತಾನ!"

"ವಿಷ ಅದ ತಂಗಿ, ಮುಟ್ಟಬ್ಯಾಡ," ಎಂದ ಶರಣಪ್ಪ. ಅವಳು ನಂಬಲಿಲ್ಲ, ಮತ್ತೆ ಕೈ ಚಾಚಿದಳು. ನಾನು ಅತ್ತ ತಿರುಗಿದೊಡನೆ ಕುಡಿಸಿಬಿಟ್ಟರೆ ಎಂಬ ಭಯದಿಂದ ಎರಡೂ ಬಾಟಲಿಗಳನ್ನು ಅವಳ ಕಣ್ಣೆದುರೇ ಕಲ್ಲಿನ ಮೇಲೆ ಸುರಿದೆ. ಅಷ್ಟು ತೆಳು ಆಸಿಡ್ಡಿನ ನೀರಲ್ಲಿ ಕಂಬಳಿಯನ್ನಾದರೂ ನೆನೆಸಬಹುದಿತ್ತೇನೋ. ನನಗೆ ಇಂದಿಗೂ ಖಚಿತವಿಲ್ಲ.

ಅದೇ ಕಂಬಳಿಯಲ್ಲಿ ಮುದುಕನನ್ನು ಮಲಗಿಸಿ ಮೂವರೂ ಎತ್ತಿದೆವು. ಟೇಪು, ಸುತ್ತಿಗೆ, ಬಕೆಟ್ಟು ಅಲ್ಲೇ ಉಳಿದವು. ರಸ್ತೆ ಮೂರು ಮೈಲಿ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಲಾರಿಯೊಂದು ಹುಮನಾಬಾದಿನ ದವಾಖಾನೆಗೆ ಮುಟ್ಟಿಸಿತು.

ಸಲೈನ್ ಹಚ್ಚಿದ ಡಾಕ್ಟರು, "ಇನ್ನರ್ಧ ಗಂಟೆ ತಡವಾಗಿದ್ದರೆ ಇವರು ಉಳಿಯುತ್ತಿರಲಿಲ್ಲ," ಎಂದರು. ಸಂಜೆ ಐದಕ್ಕೆ ಮುದುಕ ಕಣ್ಣು ಬಿಟ್ಟು ಸೊಸೆಯ ಹೆಸರು ಹಿಡಿದು ಕರೆದ.

ನಾಗಮ್ಮ ಹೊರಗಿನ ಕಟ್ಟೆಗೆ ಬಂದಳು. ಅವಳ ಗಂಡ ಕುರಿಹಿಂಡಿನೊಂದಿಗೆ ಹಿಂದೆ ಉಳಿದಿದ್ದ. ನಾಳೆ ಅವನದೂ ಅದೇ ದಾರಿ, ಅದೇ ಒರತೆ. "ಅವ್ರಿಗೆ ಹೇಳೋರು ಯಾರ್ರಿ?" ಎಂದು ಕೇಳಿದಳು, ಸಿಟ್ಟಿಲ್ಲದ ದನಿಯಲ್ಲಿ.

ಇದಾಗಿ ನಾಲ್ಕು ವರ್ಷವಾಯಿತು. ಬಯಲಿಗೆ ಹೋಗುವವಳು ತನ್ನ ಕೆಲಸಕ್ಕೆ ಏನು ಬೇಕೆಂದು ಎಣಿಸಿ ಚೀಲ ತುಂಬುತ್ತಾಳೆ. ಅಲ್ಲಿ ಬದುಕುವವರು ಏನನ್ನು ಹೊರದೆ ಬರುತ್ತಾರೆ, ಯಾವುದನ್ನು ನಂಬಿ ಬರುತ್ತಾರೆ ಎಂಬುದನ್ನು ಮೊದಲು ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.

ನಾಗಮ್ಮ ಹಾಗೆ ಕೇಳಿದ ಮರುದಿನ ಬೆಳಿಗ್ಗೆ ಆರಕ್ಕೆ ಜೀಪಿನಲ್ಲಿ ನಾಲ್ಕು ಕೊಡ ನೀರಿಟ್ಟುಕೊಂಡು ಹೋದೆ. ಶರಣಪ್ಪನೂ ನಾನೂ ಎರಡೆರಡು ಸಲ ನಡೆದು ಅವನ್ನು ಒರತೆಯವರೆಗೆ ಸಾಗಿಸಿದೆವು. ಹನ್ನೊಂದರ ಸುಮಾರಿಗೆ ಕುರಿಗಳ ಧೂಳು ಕಂಡಿತು. "ನಾ ಹೇಳ್ತೀನಿ, ನೀವು ಕೂಡ್ರಿ," ಎಂದ ಶರಣಪ್ಪ. ಬೇಡವೆಂದು ಎದ್ದು ನಾನೇ ಎದುರು ನಡೆದೆ. ನಾಗಮ್ಮನ ಗಂಡನಿಗೆ, ಅವನ ತಂದೆ ಬದುಕಿದ್ದಾರೆಂದು ಮೊದಲು ಹೇಳಿದೆ. ಆಮೇಲೆ, ಒರತೆಯಲ್ಲಿ ನೀರಿಲ್ಲ, ತೆಗೆದವಳು ನಾನು ಎಂದು ಹೇಳಿದೆ.