ಯಂತ್ರದಿಂದ ಇಳಿದವರು

ಹೆಗ್ಗಡದೇವನಕೋಟೆ ಹತ್ತಿರ ನಾಲೆ ತೋಡುತ್ತಿದ್ದ ಭಾರಿ ಯಂತ್ರಕ್ಕೆ ಅವರು ಡ್ರೈವರು. ನಾನು ಅಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದೆ. ಒಂದೇ ಸಲಕ್ಕೆ ಗಾಡಿ ತುಂಬ ಮಣ್ಣು ಎತ್ತುವ ಆ ಯಂತ್ರವನ್ನು ಯಾರು ಹೊಗಳಿದರೂ ಅವರು ಬೀಡಿ ಹಚ್ಚಿ, "ಅದುಕ್ಕೇನ್ ಗೊತ್ತಾಯ್ತದೆ ಬುಡಿ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಮುದುಕಿಯೊಬ್ಬಳು ಬಂದು ಯಂತ್ರದ ಮುಂದೆ ಕೂತಳು. "ನಮ್ಮ ಯಜಮಾನ್ರು ಇಲ್ಲೇ ಮಲಗವ್ರೆ ಕಣಪ್ಪ" ಎಂದಳು. ನಾಲೆಯ ಗೆರೆ ಅವಳ ಗಂಡನ ಸಮಾಧಿಯ ಮೇಲೇ ಹಾದಿತ್ತು.

"ಅಗಿಯಯ್ಯ, ಹೊತ್ತಾಯ್ತದೆ" ಎಂದು ಓವರ್‌ಸಿಯರ್ ಗದರಿದರು.

ಡ್ರೈವರು ಯಂತ್ರ ನಿಲ್ಲಿಸಿ ಇಳಿದರು. ಮಧ್ಯಾಹ್ನದವರೆಗೂ ಗುದ್ದಲಿಯಲ್ಲಿ ಮೆಲ್ಲಗೆ ಅಗೆದು, ಸಿಕ್ಕ ಮೂಳೆಗಳನ್ನೆಲ್ಲ ತಮ್ಮ ಟವಲಿನಲ್ಲಿ ಕಟ್ಟಿ ಮುದುಕಿಯ ಮಡಿಲಿಗೆ ಇಟ್ಟರು.

ಅವಳು ಗಂಟನ್ನು ಸವರಿ, "ಪೂರಾ ಬಂದ್ರಾ?" ಎಂದು ಕೇಳಿದಳು.

"ಪೂರಾ ಬಂದವ್ರೆ ಕಣವ್ವ" ಎಂದರು.

ಅವಳು ಎದ್ದು ಯಂತ್ರಕ್ಕೆ ದಾರಿ ಬಿಟ್ಟಳು.