ಐರೋಲಿಯಲ್ಲಿ ಇಳಿಯದ ಗಿರಿಜಕ್ಕ

"ಆಪ್ ಕಹಾಂ ಉತರೋಗೇ?"

ಮುಂಬಯಿ ಪಕ್ಕದ ಠಾಣೆಯಿಂದ ಹೊರಡುವ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಈ ಪ್ರಶ್ನೆಗೆ ಸುಳ್ಳು ಹೇಳುವಂತಿಲ್ಲ. ಎಲ್ಲಿ ಇಳಿಯುತ್ತೀರಿ ಎಂದು ನಿಂತವರು ಕುಳಿತವರನ್ನು ಕೇಳುತ್ತಾರೆ. ಉತ್ತರ ಸಿಕ್ಕಿತೋ, ಆ ಸೀಟು ಬುಕ್. ಆಮೇಲೆ ಮಾತು ತಪ್ಪಿದವರ ಗತಿ ದೇವರಿಗೇ ಪ್ರೀತಿ.

ಕೆಲವು ತಿಂಗಳ ಹಿಂದೆ, ದಿನಾ ನಮ್ಮ ಜೊತೆ ಬರುವ ಗಿರಿಜಕ್ಕ "ಐರೋಲಿ" ಅಂದುಬಿಟ್ಟರು. ಅವರು ಇಳಿಯುವುದು ಎಷ್ಟೋ ಸ್ಟೇಷನ್ ಮುಂದಿನ ಬೇಲಾಪುರದಲ್ಲಿ. ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್. ನಿವೃತ್ತಿಗೆ ಇನ್ನೂ ಸಮಯವಿದೆ.

ಐರೋಲಿ ಬಂತು. ಸೀಟಿಗಾಗಿ ಕಾದಿದ್ದ ಹುಡುಗಿ "ಉಠೋ ನಾ ಆಂಟಿ" ಅಂದಳು. ತಾನು ಹೇಳಿಯೇ ಇಲ್ಲವೆಂದು ಗಿರಿಜಕ್ಕ ಕೆಂಡಾಮಂಡಲ. "ಮೈನೇ ಕಬ್ ಬೋಲಾ?"

ಅವರು ಹೇಳಿದ್ದನ್ನು ನಾವೆಲ್ಲ ಕೇಳಿಸಿಕೊಂಡಿದ್ದೆವು. ಆದರೂ ಒಟ್ಟಾಗಿ ಆ ಹುಡುಗಿಯ ಬಾಯಿ ಮುಚ್ಚಿಸಿದೆವು. (ಟ್ರೇನ್ ಗುಂಪು ಅಂದರೆ ಹಾಗೆಯೇ. ನಮ್ಮವರು ಅಂದಮೇಲೆ ನಮ್ಮವರು.)

ಅದೇ ವಾರ ಮತ್ತೆ ಐರೋಲಿ ಅಂದರು. ಆಗಷ್ಟೇ ಹೇಳಿದ್ದನ್ನು ಮತ್ತೆ ಹೇಳತೊಡಗಿದರು. ಒಂದು ದಿನ ಬೇಲಾಪುರ ಬಂದರೂ ಕಿಟಕಿಯಾಚೆ ನೋಡುತ್ತ ಕೂತೇ ಇದ್ದರು. ನಾವೇನು ಮಾಡಿದೆವು? "ಟೆನ್ಷನ್ ಇರಬೇಕು" ಅಂದೆವು. "ವಯಸ್ಸಾಯ್ತಲ್ಲ" ಅಂದೆವು. ಸರದಿಯ ಮೇಲೆ ಅವರನ್ನು ಆಫೀಸಿನ ಗೇಟಿನವರೆಗೆ ಬಿಟ್ಟು ಬರತೊಡಗಿದೆವು. ಸಂಜೆ ಠಾಣೆಯಲ್ಲಿ ರಿಕ್ಷಾ ಹತ್ತಿಸಿದೆವು. ನಮ್ಮ ವ್ಯವಸ್ಥೆ ಎಷ್ಟು ಪಕ್ಕಾ ಇತ್ತೆಂದರೆ ಅವರ ಮನೆಯವರಿಗೆ ಸುಳಿವೇ ಸಿಗಲಿಲ್ಲ.

ನನಗೆ ಮಾತ್ರ ಒಳಗೊಳಗೇ ತಳಮಳ. ನಾವು ಮಾಡುತ್ತಿರುವುದು ಸಹಾಯವೋ, ಮುಚ್ಚಿಡುವ ಕೆಲಸವೋ?

ಶುಗರ್ ಬಂದರೆ ರಿಪೋರ್ಟನ್ನು ಇಡೀ ಡಬ್ಬಿಗೆ ತೋರಿಸುವವರು ನಾವು. ಮರೆವು ಅಂದ ಕೂಡಲೇ ಯಾಕೆ ಪಿಸುಮಾತು? ಎಲ್ಲ ಮರೆವೂ ಒಂದೇ ಅಲ್ಲ. ಥೈರಾಯ್ಡ್ ಏರುಪೇರಾದರೂ, ವಿಟಮಿನ್ ಬಿ-ಟ್ವೆಲ್ವ್ ಕಡಿಮೆಯಾದರೂ, ನಿದ್ದೆ ಮಾತ್ರೆ ಅಭ್ಯಾಸವಾದರೂ, ಮನಸ್ಸು ಕುಗ್ಗಿದರೂ ನೆನಪು ಕೈಕೊಡುತ್ತದೆ. ಇವನ್ನು ಎಷ್ಟೋ ಸಲ ಸರಿಪಡಿಸಬಹುದು. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯಾಗಿದ್ದರೆ ಪೂರ್ತಿ ವಾಸಿಯಾಗುವುದಿಲ್ಲ, ನಿಜ. ಆದರೆ ಬೇಗ ಗೊತ್ತಾದರೆ ಔಷಧಿಯಿಂದ, ಆರೈಕೆಯಿಂದ ಒಂದಿಷ್ಟು ಸಂಭಾಳಿಸಬಹುದು. ಯಾವುದು ಯಾವುದೆಂದು ಲೋಕಲ್ಲಿನಲ್ಲಿ ಕೂತು ನಾವು ಹೇಳಲಾದೀತೇ?

ತಡೆಯಲಾರದೆ ಅವರ ಮಗಳಿಗೆ ಫೋನ್ ಮಾಡಿದೆ. "ಆಂಟಿ, ಮಮ್ಮಿ ತೋ ಪಹಲೇ ಸೇ ಹೀ ಭುಲಕ್ಕಡ್ ಹೈ" ಎಂದು ನಕ್ಕಳು. ಅಮ್ಮ ಮೊದಲಿನಿಂದಲೂ ಮರೆಗುಳಿಯಂತೆ. (ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ.) ಐರೋಲಿಯ ಜಗಳ ಹೇಳಿದೆ. ಗೇಟಿನವರೆಗೆ ಬಿಡುವುದನ್ನೂ ಹೇಳಿದೆ. ನಗು ನಿಂತಿತು.

ಮಗಳು ಅಮ್ಮನನ್ನು ಕರೆದೊಯ್ದಳು, ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಬಿ-ಟ್ವೆಲ್ವ್ ತೀರಾ ಕಡಿಮೆ. ಇಂಜೆಕ್ಷನ್ ಶುರುವಾಗಿದೆ. ಇದೊಂದೇ ಕಾರಣವೋ, ಹಿಂದೆ ಇನ್ನೇನಾದರೂ ಇದೆಯೋ ಎಂಬುದನ್ನು ಕಾದು ನೋಡಬೇಕಂತೆ.

ಗಿರಿಜಕ್ಕ ಕಾಯಲಿಲ್ಲ. ರಿಪೋರ್ಟ್ ಬಂದ ಮರುದಿನವೇ ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಹಿಡಿದರು.

"ನನ್ನ ತಲಿ ಕೆಟ್ಟೈತಿ ಅಂತ ನನ್ನ ಮಗಳ ಮುಂದ ಹೇಳಿದೇನ? ಇನ್ನ ಮ್ಯಾಲೆ ನನ್ನ ಬಾಜೂಕ ಕೂಡಬ್ಯಾಡ!"

ವಿಜಯಪುರದ ಗಟ್ಟಿ ದನಿ. ಎಲ್ಲರೂ ತಿರುಗಿ ನೋಡಿದರು. ಗುಂಪಿನವರೂ ಮುಖ ಊದಿಸಿಕೊಂಡರು. "ಟ್ರೇನಿನ ಮಾತನ್ನ ಮನೆತನಕ ಯಾಕೆ ಮುಟ್ಟಿಸಿದ್ರಿ?" ಅಂತ ಒಬ್ಬರು ಕೇಳಿಯೇಬಿಟ್ಟರು. ನನಗೆ ಅಳು ಬಂತು. ಸಿಟ್ಟೂ ಬಂತು.

ಈಗ ನನ್ನ ಜಾಗದಲ್ಲಿ ಗಿರಿಜಕ್ಕನ ಪರ್ಸ್ ಕೂತಿರುತ್ತದೆ. ಬೇರೆ ಯಾರಾದರೂ ಬಂದರೆ ಎತ್ತುತ್ತಾರೆ, ನನಗಲ್ಲ. ನಾನು ಬೇಲಾಪುರದವರೆಗೆ ಕಂಬಿ ಹಿಡಿದು ನಿಲ್ಲುತ್ತೇನೆ. ಹತ್ತಿದ ಕೂಡಲೇ ಮೊದಲು ಅವರ ಮುಖ ನೋಡುತ್ತೇನೆ. ಸಿಟ್ಟಿದೆಯಾ? ಇದೆ. ಸದ್ಯ, ನೆನಪಿದೆ!

ನಾಳೆ ಅವರು ನಗುತ್ತ ಪರ್ಸ್ ಎತ್ತಿ "ಬಾರವಾ, ಕೂಡು" ಅಂದರೆ, ಕ್ಷಮಿಸಿದರು ಅಂದುಕೊಳ್ಳಲೇ, ಮರೆತರು ಅಂದುಕೊಳ್ಳಲೇ?